ಬಿಸಿಯೂಟದಿಂದ ಒಂದರಿಂದ ಐದನೇತ್ತಾ ಹುಡುಗರೊಳಗ ಏನು ಬದಲಾಗತೈತಿ? ಶಾಲೆಯಲ್ಲೇ ಅಳೆಯೋದು ಹೆಂಗ?

ಎಸ್‌ಡಿಎಂಸಿ_ಕಲಘಟಗಿ
ಕಿರಿಯ ಪ್ರಾಥಮಿಕ ಶಾಲೆ, ದಿನದ ಹಾಜರಿ 80ರ ಆಸುಪಾಸು, ಅಡುಗೆ ಶಾಲೆಯಲ್ಲೇ. ಪಾಲಕರ ಸಭೆಯೊಳಗ ಎರಡು ಆಕ್ಷೇಪ ತಪ್ಪದೇ ಬರ್ತಾವ್ರಿ. 'ಇಷ್ಟು ವರ್ಷ ಊಟ ಹಾಕಿದ್ರೂ ಹುಡುಗ್ರು ಮೈಕೈ ತುಂಬಿಕೊಂಡಿಲ್ಲ' ಅನ್ನೋದು ಒಂದು. 'ಊಟದ ಗದ್ದಲದಾಗ ಪಾಠ ಹಾಳಾತು' ಅನ್ನೋದು ಇನ್ನೊಂದು. ಊಟದಿಂದ ಏನು ಆಗತೈತಿ, ಏನು ಆಗೂದಿಲ್ಲ, ಆಗಬೇಕಾದ್ದು ಆಗದಿದ್ರ ತಪ್ಪು ಎಲ್ಲಿ ಹುಡುಕಬೇಕು, ತಿಳಿದವರು ಬಿಡಿಸಿ ಬರೀರಿ.

ಬಿಳಿಜೋಳ_ಧಾರವಾಡ
ಪಾಠದ ಮಾತು ಮೊದಲು. ತನಿಕಾ ಚಕ್ರವರ್ತಿ ಮತ್ತು ರಾಜಶ್ರೀ ಜಯರಾಮನ್ 2019ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಬೇರೆ ಬೇರೆ ರಾಜ್ಯಗಳಲ್ಲಿ ಬಿಸಿಯೂಟ ಬೇರೆ ಬೇರೆ ವರ್ಷ ಶುರುವಾಯಿತಲ್ಲ, ಆ ವ್ಯತ್ಯಾಸವನ್ನೇ ಹಿಡಿದು ನೋಡಿದರು. ಪ್ರಾಥಮಿಕ ಶಾಲೆಯ ಐದೂ ವರ್ಷ ಊಟ ಸಿಕ್ಕ ಮಕ್ಕಳ ಓದುವ ಅಂಕ, ಒಂದು ವರ್ಷವೂ ಸಿಗದವರಿಗಿಂತ ಶೇ 18ರಷ್ಟು ಹೆಚ್ಚು; ಗಣಿತದಲ್ಲಿ ಶೇ 9. ಗಮನಿಸಬೇಕಾದ್ದು ಏನೆಂದರೆ ಲಾಭ ಮೊದಲ ವರ್ಷಕ್ಕೇ ಕಾಣುವುದಿಲ್ಲ, ವರ್ಷ ಕಳೆದಂತೆ ಕೂಡುತ್ತ ಹೋಗುತ್ತದೆ. ಜೂನಿನಲ್ಲಿ ಸೇರಿದ ಮಗುವಿನ ಅಂಕ ಡಿಸೆಂಬರಿಗೆ ಏರಿಲ್ಲ ಎಂದು ಊಟವನ್ನು ದೂರಿದರೆ ಅದು ಅವಸರದ ಮಾತು.

ಇನ್ನು ಮೈಕೈ ತುಂಬುವುದು. ಗಿಡ್ಡತನ ಬಹುಪಾಲು ಬಸಿರಿನಿಂದ ಎರಡು ವರ್ಷದೊಳಗೇ ತೀರ್ಮಾನ ಆಗಿರುತ್ತದೆ. ಆರು ವರ್ಷಕ್ಕೆ ಒಂದನೇತ್ತಾಕ್ಕೆ ಬರುವ ಮಗುವಿನ ಎತ್ತರವನ್ನು ಮಧ್ಯಾಹ್ನದ ಒಂದು ಊಟ ಅಷ್ಟಾಗಿ ಬದಲಿಸಲಾರದು. ತೂಕ, ರಕ್ತದ ಕಬ್ಬಿಣಾಂಶ, ಕೂತು ಕೇಳುವ ಶಕ್ತಿ, ಹಾಜರಿ, ಇವು ಬದಲಾಗುತ್ತವೆ. ಎತ್ತರದ ಲಾಭ ಒಂದು ತಲೆಮಾರು ದಾಟಿ ಕಾಣುತ್ತದೆ: 2021ರಲ್ಲಿ 'ನೇಚರ್ ಕಮ್ಯುನಿಕೇಶನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಶಾಲೆಯಲ್ಲಿ ಬಿಸಿಯೂಟ ಉಂಡ ಹೆಣ್ಣುಮಕ್ಕಳು ತಾಯಂದಿರಾದಾಗ ಅವರ ಮಕ್ಕಳ ಎತ್ತರ ವಯಸ್ಸಿಗೆ ಹೋಲಿಸಿದರೆ ಉತ್ತಮವಾಗಿತ್ತು. ಅಂದರೆ ಇವತ್ತು ಮೂರನೇತ್ತಾದಲ್ಲಿ ಉಣ್ಣುವ ಹುಡುಗಿಯ ಊಟದ ಪೂರ್ತಿ ಲೆಕ್ಕ ಸಿಗಲು ಇಪ್ಪತ್ತು ವರ್ಷ ಬೇಕು.

ನವಲಗುಂದ_ಕರಿಭೂಮಿ
ಶಾಲ್ಯಾಗ ಉಂಡ್ರ ಮನ್ಯಾಗ ತಾಟಿಗೆ ಕಡಿಮಿ ಬೀಳತೈತಿ. ಒಟ್ಟು ಲೆಕ್ಕ ಅಷ್ಟಕ್ಕಷ್ಟ ಆಗಲಿಲ್ಲೇನ್ರಿ?

ಬಿಳಿಜೋಳ_ಧಾರವಾಡ
ಅಣ್ಣಾರ, ಸರಿಯಾದ ಪ್ರಶ್ನೆ. ಫರ್ಜಾನಾ ಅಫ್ರಿದಿ ಮಧ್ಯಪ್ರದೇಶದ ಹಳ್ಳಿಗಳಲ್ಲಿ ಇದನ್ನೇ ನೋಡಿದರು, 2010ರಲ್ಲಿ ಪ್ರಕಟವಾಯಿತು. ಶಾಲೆ ಕೊಟ್ಟ ಪೋಷಕಾಂಶದ ಶೇ 49ರಿಂದ 100ರಷ್ಟು ಮಗುವಿನ ದಿನದ ಒಟ್ಟು ಆಹಾರಕ್ಕೆ ಸೇರ್ಪಡೆಯಾಗಿತ್ತು. ಮನೆಯವರು ಕತ್ತರಿಸುವುದು ನಾವು ಅಂದುಕೊಂಡಷ್ಟು ಇಲ್ಲ. ಬರದ ವರ್ಷ ಇದು ಇನ್ನೂ ಸ್ಪಷ್ಟ. ಆಂಧ್ರದಲ್ಲಿ ಬರಕ್ಕೆ ಸಿಕ್ಕ ಮಕ್ಕಳ ಬೆಳವಣಿಗೆಯ ಕುಸಿತವನ್ನು ಬಿಸಿಯೂಟ ತುಂಬಿಕೊಟ್ಟಿತೆಂದು 2014ರ ಅಧ್ಯಯನ ತೋರಿಸಿದೆ. ನಮ್ಮಲ್ಲೂ 2023ರ ಬರದ ಬೆನ್ನಿಗೆ 2024ರ ಬೇಸಿಗೆ ರಜೆಯಲ್ಲಿ ಬರಪೀಡಿತ ತಾಲೂಕುಗಳಲ್ಲಿ ಊಟ ಮುಂದುವರಿಸಿದ್ದು ಅದಕ್ಕೇ.

ಸೌಟು_ರೋಣ
ಅಧ್ಯಯನ ಎಲ್ಲಾ ಖರೆ ಐತ್ರಿ. ಆದ್ರ ಅವು ಸರಾಸರಿ ಲೆಕ್ಕ. ನಿಮ್ಮ ಶಾಲ್ಯಾಗ ಪರಿಣಾಮ ಆಗೂದು ಬಿಡೂದು ಹಂಡೆದಾಗ ಬಿದ್ದ ಬ್ಯಾಳಿ ಮ್ಯಾಲೆ. ಮೊದಲ ಇದನ್ನ ತೂಕ ಮಾಡಿ ನೋಡ್ರಿ.

ಒಂದರಿಂದ ಐದನೇತ್ತಾಕ್ಕ ತಲಾ 100 ಗ್ರಾಂ ಅಕ್ಕಿ, 20 ಗ್ರಾಂ ಬ್ಯಾಳಿ, 50 ಗ್ರಾಂ ಕಾಯಿಪಲ್ಯೆ, 5 ಗ್ರಾಂ ಎಣ್ಣಿ. ಎಂಬತ್ತು ಹುಡುಗ್ರಿಗೆ 8 ಕೆಜಿ ಅಕ್ಕಿ, 1 ಕೆಜಿ 600 ಗ್ರಾಂ ತೊಗರಿಬ್ಯಾಳಿ, 4 ಕೆಜಿ ಕಾಯಿಪಲ್ಯೆ, 400 ಗ್ರಾಂ ಎಣ್ಣಿ. ಎಣ್ಣಿ ಲೀಟರಿನ ಮಾಪಿನಾಗ ಅಳೆದ್ರ 440 ಮಿಲಿ, ಯಾಕಂದ್ರ ಎಣ್ಣಿ ನೀರಿಗಿಂತ ಹಗುರ.

ಈಗ ಸಾಂಬಾರು. 150 ಮಿಲಿ ಸೌಟಿನಾಗ ತಲಾ ಒಂದು ಸೌಟು ಅಂದ್ರ 12 ಲೀಟರು. ಒಂದು ಕೆಜಿ ಆರುನೂರು ಬ್ಯಾಳಿಗೆ 12 ಲೀಟರು ಅಂದ್ರ ಸೌಟಿನ ಹಿಂಬದಿಗೆ ಹತ್ತಿಕೊಂಡು ನಿಲ್ಲತೈತಿ. ಎಲ್ಲಿ ತಪ್ಪತೈತಿ ಅಂದ್ರ, ಅನ್ನ ಒಣಾ ಆತು ಅಂತ ಹುಡುಗ್ರು ಎರಡನೇ ಸಲ ಸಾರು ಕೇಳ್ತಾರ, ಅದನ್ನ ನೆನಸಿ ಅಡುಗೆಯವರು ಮೊದಲ 20 ಲೀಟರು ಮಾಡಿಟ್ಟಿರ್ತಾರ. ಬ್ಯಾಳಿ ಅಷ್ಟ, ನೀರು ಹೆಚ್ಚು. ಕಲಕದ ಹಂಡೆ ಆದ್ರ ಇನ್ನೂ ಕೆಟ್ಟದ್ದು: ಮ್ಯಾಲಿನ ತಿಳಿ ಸಾಲಿನ ಮುಂದಿನ ಒಂದನೇತ್ತಾದವರಿಗೆ, ತಳದ ಗಟ್ಟಿ ಕೊನೀಗೆ ಬರೋ ದೊಡ್ಡವರಿಗೆ. ಪ್ರತಿ ಹತ್ತು ತಾಟಿಗೊಮ್ಮೆ ತಳಮಟ ಸೌಟಾಡಿಸಬೇಕು. ಎರಡನೇ ಸಲಕ್ಕ ಸಾರು ಬೇಕ ಅಂದ್ರ ಟೊಮೆಟೊ-ಹುಂಚಿಹಣ್ಣಿನ ತಿಳಿಸಾರು ಬ್ಯಾರೆ ಪಾತ್ರ್ಯಾಗ ಮಾಡ್ರಿ. ಬ್ಯಾಳಿಗೆ ನೀರು ಬೆರೆಸಬ್ಯಾಡ್ರಿ.

ಬಿಳಿಜೋಳ_ಧಾರವಾಡ
ರೋಣದವರ ಲೆಕ್ಕಕ್ಕೆ ಇನ್ನೊಂದು ಸಾಲು. ಈ ಅಳತೆಯ ಗುರಿ 450 ಕ್ಯಾಲರಿ, 12 ಗ್ರಾಂ ಪ್ರೋಟೀನ್. 100 ಗ್ರಾಂ ಅಕ್ಕಿಯಿಂದಲೇ ಸುಮಾರು 350 ಕ್ಯಾಲರಿ, 7 ಗ್ರಾಂ ಪ್ರೋಟೀನ್. 20 ಗ್ರಾಂ ಬೇಳೆಯಿಂದ ನಾಲ್ಕು ಗ್ರಾಂ ಚಿಲ್ಲರೆ. ಬೇಳೆ ಅರ್ಧ ಆದರೆ ಹೋಗುವುದು ಎರಡೇ ಗ್ರಾಂ ಅಂತ ಕಾಣುತ್ತದೆ, ಆದರೆ ಅಕ್ಕಿಯಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ, ಬೇಳೆಯಲ್ಲಿ ಅದು ಹೇರಳ. ಎರಡೂ ಕೂಡಿದಾಗ ಅಕ್ಕಿಯ ಪ್ರೋಟೀನ್ ಮೈಗೆ ಹೆಚ್ಚು ಚೆನ್ನಾಗಿ ಒದಗುತ್ತದೆ. ಹೊಟ್ಟೆ ತುಂಬಿದರೂ ತೂಕ ಏರದ ಶಾಲೆಗಳಲ್ಲಿ ಮೊದಲು ನೋಡಬೇಕಾದ್ದು ಬೇಳೆಯನ್ನೇ.

ಎಸ್‌ಡಿಎಂಸಿ_ಕಲಘಟಗಿ
ಬ್ಯಾಳಿ ಬೇಯೂದೇ ಇಲ್ಲ ಅಂತ ಅಡುಗೆಯವರು ಹೇಳ್ತಾರ. ಅದಕ್ಕ ಸೋಡಾ ಹಾಕ್ತಾರ.

ಸೌಟು_ರೋಣ
ಸೋಡಾ ಹಾಕಿದ್ರ ಬ್ಯಾಳ್ಯಾಗಿನ ಬಿ1 ಜೀವಸತ್ವ ಹೋಗತೈತಿ. ಬೇಯದಿರಾಕ ಮೂರು ಕಾರಣ. ಬೋರಿನ ಗಡಸು ನೀರು, ನಮ್ಮ ಗದಗ ಕಡೆ ಇದ ಹೆಚ್ಚು; ಅದರಾಗಿನ ಸುಣ್ಣದ ಅಂಶ ಬ್ಯಾಳಿ ಮೆತ್ತಗಾಗದಂಗ ಹಿಡೀತೈತಿ. ಎರಡನೇದು ಹಳೇ ದಾಸ್ತಾನು. ಹೊಸಾ ಚೀಲ ಮುಂದ, ಹಳೇದು ಹಿಂದ ಇಟ್ಟಲ್ಲಿ ಹಳೇದು ಹಂಗ ಉಳೀತೈತಿ. ಮೂರನೇದು ಹುಂಚಿಹಣ್ಣು ಮೊದಲ ಹಾಕೂದು. ಬ್ಯಾಳಿ ತೊಳದು ಮುಕ್ಕಾಲು ತಾಸು ನೆನಸಿ, ಬ್ಯಾಳಿಯ ಮೂರು ಪಟ್ಟು ನೀರು, ಅರಿಷಿಣ, ಒಂದು ಚಮಚ ಎಣ್ಣಿ ಹಾಕಿ ಕುಕ್ಕರಿನಾಗ ಬೇಯಿಸ್ರಿ. ಹುಳಿ, ಉಪ್ಪು ಬ್ಯಾಳಿ ಬೆಂದ ಮ್ಯಾಲೆ. ಅಯೋಡಿನ್ ಉಪ್ಪು ಕೊನೀಗೆ ಹಾಕೂದು ಚಲೋ, ಬಹಳ ಹೊತ್ತು ಕುದ್ರ ಅಯೋಡಿನ್ ಹಾರತೈತಿ.

ಮುಂಡರಗಿ ಕಡೆಯವರು ಯಾರರ ಓದಾಕತ್ತಿದ್ರ ಇನ್ನೊಂದು ಮಾತು. ಫ್ಲೋರೈಡ್ ಇರೋ ಬೋರ್ ನೀರು ಕಾಸಿದ್ರ ಫ್ಲೋರೈಡ್ ಹೋಗೂದಿಲ್ಲ, ನೀರು ಆವಿ ಆದಷ್ಟೂ ಅದು ಗಟ್ಟಿ ಆಗತೈತಿ. ಅನ್ನಕ್ಕ ಇಂಗೋ ನೀರೆಲ್ಲಾ ಹೊಟ್ಟಿಗೇ. ಕುಡ್ಯಾಕಷ್ಟ ಶುದ್ಧ ನೀರಿನ ಘಟಕದ ನೀರು ತಂದು ಅಡುಗಿಗೆ ಬೋರ್ ನೀರು ಬಳಸಿದ್ರ ಅರ್ಧ ಕೆಲಸ. 80 ಹುಡುಗ್ರಿಗೆ ಅನ್ನಕ್ಕ ಸುಮಾರು 20 ಲೀಟರು, ಸಾಂಬಾರಿಗೆ 12, ಹಾಲಿಗೆ 12. ಇಪ್ಪತ್ತು ಲೀಟರಿನ ಮೂರು ಕ್ಯಾನು ದಿನಾ ತರಿಸೋ ವ್ಯವಸ್ಥೆ ಪಂಚಾಯ್ತಿ ಜೋಡಿ ಮಾತಾಡಿ ಮಾಡ್ಕೋರಿ.

ಹಾನಗಲ್_ಅಕ್ಕಾರ
ರಕ್ತಹೀನತೆಯ ಬಗ್ಗೆ ಯಾರೂ ಬರೆದಿಲ್ಲವಲ್ಲ. ಐದರಿಂದ ಹನ್ನೊಂದು ವರ್ಷದ ಮಕ್ಕಳಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರ್ ರಕ್ತಕ್ಕೆ 11.5 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಅಂಥ ಮಗು ಮಧ್ಯಾಹ್ನದ ಪಾಠದಲ್ಲಿ ಬೆಂಚಿಗೆ ತಲೆ ಇಡುತ್ತದೆ, ನಾವು ಸೋಮಾರಿ ಅನ್ನುತ್ತೇವೆ. ಊಟ ಒಂದೇ ಇದನ್ನು ಸರಿಮಾಡದು. ಊಟ, ವಾರದ ಗುಲಾಬಿ ಗುಳಿಗೆ (45 ಮಿಲಿಗ್ರಾಂ ಕಬ್ಬಿಣ, 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ), ವರ್ಷಕ್ಕೆ ಎರಡು ಸಲ ಜಂತುಹುಳದ 400 ಮಿಲಿಗ್ರಾಂ ಅಲ್ಬೆಂಡಜೋಲ್, ಈ ಮೂರೂ ಜೊತೆಗಿರಬೇಕು. ಹಾನಗಲ್ಲಿನಂಥ ಹಸಿ ನೆಲದ ಕಡೆ ಬರಿಗಾಲಲ್ಲಿ ಓಡಾಡುವ ಮಕ್ಕಳಿಗೆ ಕೊಕ್ಕೆಹುಳ ಹತ್ತುತ್ತದೆ. ಉಂಡದ್ದರ ರಕ್ತ ಅದು ಕುಡಿಯುತ್ತದೆ.

ಗುಳಿಗೆ ಕೊಡುವ ಹೊತ್ತಿನಲ್ಲೇ ಹೆಚ್ಚಿನ ತಪ್ಪು. ಬೆಳಿಗ್ಗೆ ಶಾಲೆಯಲ್ಲಿ ಕೊಡುವ ಕ್ಷೀರಭಾಗ್ಯ ಯೋಜನೆಯ ಹಾಲಿನ ಜೊತೆಗೇ ಕೊಟ್ಟು ಮುಗಿಸಿಬಿಡುತ್ತಾರೆ. ಹಾಲಿನ ಕ್ಯಾಲ್ಸಿಯಂ ಕಬ್ಬಿಣವನ್ನು ಒಳಗೆ ಬಿಡುವುದಿಲ್ಲ, ಖಾಲಿ ಹೊಟ್ಟೆಯಾದರೆ ವಾಕರಿಕೆ ಬೇರೆ. ಒಂದು ಮಗು ವಾಂತಿ ಮಾಡಿತೋ, ಮುಂದಿನ ವಾರ ಇಡೀ ತರಗತಿ ಗುಳಿಗೆಯನ್ನು ಕಿಸೆಗೆ ಹಾಕಿಕೊಳ್ಳುತ್ತದೆ. ಮಧ್ಯಾಹ್ನದ ಊಟವಾದ ಮೇಲೆ, ಶಿಕ್ಷಕರ ಕಣ್ಣೆದುರೇ ನುಂಗಿಸಬೇಕು. ಮಲ ಕಪ್ಪಾಗುತ್ತದೆ, ಹೆದರಬೇಡಿ ಎಂದು ತಾಯಂದಿರಿಗೆ ಮೊದಲೇ ಹೇಳಿಡಿ. ಗುಳಿಗೆಯ ದಿನ ಸಾಂಬಾರಿಗೆ ಒಲೆ ಆರಿಸಿದ ಮೇಲೆ ನಿಂಬೆರಸ ಹಿಂಡಿದರೆ ಬೇಳೆ, ಸೊಪ್ಪಿನ ಕಬ್ಬಿಣವೂ ಚೆನ್ನಾಗಿ ಹೀರುತ್ತದೆ. ಕುದಿಯುವಾಗ ಹಿಂಡಿದರೆ ಸಿ ಜೀವಸತ್ವ ಬಹುಪಾಲು ಹಾಳು.

ಲೆಕ್ಕದ_ಮಾಸ್ತರ
ಅಕ್ಕಾರ, ಅಕ್ಕಿಯೊಳಗೂ ಕಬ್ಬಿಣ ಐತಿ ಅಂತಾರಲ್ಲ, ಆ ಹಳದಿ ಛಾಯೆಯ ಕಾಳು. ಪಾಲಕರು ಪ್ಲಾಸ್ಟಿಕ್ ಅಕ್ಕಿ ಅಂತ ಆರಿಸಿ ಒಗೀತಾರ.

ಹಾನಗಲ್_ಅಕ್ಕಾರ
ಅದೇ ಸಾರವರ್ಧಿತ ಕಾಳು ಮಾಸ್ತರ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ ಯಂತ್ರದಲ್ಲಿ ಕಾಳಿನ ಆಕಾರಕ್ಕೆ ಒತ್ತಿದ್ದು. ನೂರು ಕಾಳಿಗೆ ಒಂದರಂತೆ ಬೆರೆಸಿರುತ್ತಾರೆ, ಆ ಒಂದನ್ನು ಆರಿಸಿ ಒಗೆದರೆ ಸೇರಿಸಿದ್ದೆಲ್ಲ ಹೋಯಿತು. ಹಗುರ ಇರುವುದರಿಂದ ಕೆಲವು ನೀರಿನಲ್ಲಿ ತೇಲುತ್ತವೆ, ತೊಳೆಯುವವರು ಜಳ್ಳು ಅಂತ ಬಸಿದುಬಿಡುತ್ತಾರೆ. ಎರಡು ಸಲ ಮೆಲ್ಲಗೆ ತೊಳೆದು, ನೀರು ಬಸಿಯುವಾಗ ಜಾಲರಿ ಹಿಡಿಯಿರಿ. ಗಂಜಿ ಬಸಿಯುವ ಪದ್ಧತಿ ಬಿಟ್ಟು ನೀರು ಇಂಗಿಸಿ ಅನ್ನ ಮಾಡಿ. ಅನುಮಾನ ಇದ್ದವರ ಎದುರು ನಾಲ್ಕು ಕಾಳನ್ನು ಕಾದ ಹಂಚಿನ ಮೇಲೆ ಹಾಕಿ: ಪ್ಲಾಸ್ಟಿಕ್ ಆದರೆ ಕರಗಿ ನಾರುತ್ತದೆ, ಇದು ಅಕ್ಕಿಯಂತೆ ಕರಿಕಾಗುತ್ತದೆ. ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆ ಇರುವ ಮಕ್ಕಳಿದ್ದರೆ ಮಾತ್ರ ವೈದ್ಯರನ್ನು ಕೇಳದೆ ಕಬ್ಬಿಣ ಕೊಡಬಾರದು.

ನವಲಗುಂದ_ಕರಿಭೂಮಿ
ಎಲ್ಲಾ ಅಕ್ಕಿ ಅಕ್ಕಿ ಅಂತೀರಿ. ನಮ್ಮ ಹುಡುಗ್ರು ರೊಟ್ಟಿ ತಿಂದು ಬೆಳೆದವ್ರು. ಜೋಳದ ರೊಟ್ಟಿ ಯಾಕ ಹಾಕಬಾರದು?

ಸೌಟು_ರೋಣ
ಹಾಕಬೌದು ಅಣ್ಣಾರ, ಬಡಿಯೋರು ಯಾರು? ತಲಾ ಒಂದು ರೊಟ್ಟಿ ಅಂದ್ರ 4 ಕೆಜಿ ಹಿಟ್ಟು, 80 ರೊಟ್ಟಿ. ಒಂದು ಹಂಚಿನ ಮ್ಯಾಲೆ ರೊಟ್ಟಿಗೆ ಎರಡು ನಿಮಿಷ ಹಿಡಿದ್ರೂ ಎರಡೂವರಿ ತಾಸು ಮೀರತೈತಿ. 26ರಿಂದ 100 ಮಕ್ಕಳಿದ್ದಲ್ಲಿ ಅಡುಗೆಯವರು ಇಬ್ಬರ. ಸಾಂಬಾರು, ತತ್ತಿ, ಹಾಲು, ಪಾತ್ರೆ ಎಲ್ಲಾ ಅವರ ತಲೀ ಮ್ಯಾಲೆ. ರೊಟ್ಟಿ ಬದಲಿ ಜೋಳದ ನುಚ್ಚು ಮಾಡ್ರಿ, ಒಂದ ಹಂಡೆದಾಗ ಆಗತೈತಿ. ನೀರು ಕುದ್ದ ಮ್ಯಾಲೆ ನುಚ್ಚು ಸುರುವಿ ಕೈ ಬಿಡದಂಗ ತಿರುವಬೇಕು, ಇಲ್ಲಾಂದ್ರ ತಳಾ ಹತ್ತತೈತಿ. ಪುಂಡಿಪಲ್ಯೆ ಜೋಡಿ ಹುಡುಗ್ರು ತಾಟು ನೆಕ್ಕತಾರ.

ಬಿಳಿಜೋಳ_ಧಾರವಾಡ
ಸಿರಿಧಾನ್ಯಕ್ಕೆ ಆಧಾರವೂ ಇದೆ. ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸಾಟ್ ಮತ್ತು ಶಾಲೆಗಳಿಗೆ ಊಟ ಒದಗಿಸುವ ಅಕ್ಷಯಪಾತ್ರ ಸಂಸ್ಥೆ ಕರ್ನಾಟಕದ ಶಾಲೆಗಳಲ್ಲಿ ಅಕ್ಕಿಯ ಬದಲು ಸಿರಿಧಾನ್ಯದ ಇಡ್ಲಿ, ಖಿಚಡಿ, ಬಿಸಿಬೇಳೆಬಾತ್ ಕೊಟ್ಟು ಮೂರು ತಿಂಗಳು ನೋಡಿದಾಗ, ಆ ಮಕ್ಕಳ ಬೆಳವಣಿಗೆ ವೇಗವಾಗಿತ್ತು. ಆದರೆ ಅವರು ಹತ್ತು ದಾಟಿದ ಮಕ್ಕಳು. ಗದಗ ಕಡೆ ನವಣೆ ಬೆಳೆಯುತ್ತಾರೆ, ವಾರಕ್ಕೊಂದು ದಿನ ನವಣೆ ಬಿಸಿಬೇಳೆಬಾತ್ ಕಷ್ಟವಲ್ಲ. ಖರ್ಚು ಮಾತ್ರ ಲೆಕ್ಕ ಹಾಕಿ: 2025ರ ಮೇ 1ರಿಂದ ಪ್ರಾಥಮಿಕ ಮಗುವಿಗೆ ಸಾಮಗ್ರಿ ವೆಚ್ಚ ದಿನಕ್ಕೆ 6 ರೂಪಾಯಿ 78 ಪೈಸೆ, 80 ಮಕ್ಕಳಿಗೆ 542 ರೂಪಾಯಿ 40 ಪೈಸೆ. ಬೇಳೆ, ಎಣ್ಣೆ, ಕಾಯಿಪಲ್ಯೆ, ಮಸಾಲೆ, ಗ್ಯಾಸ್ ಎಲ್ಲ ಇದರೊಳಗೇ. ಅಕ್ಕಿ ಬಿಟ್ಟಿ ಬರುತ್ತದೆ, ನವಣೆ ಬರುವುದಿಲ್ಲ. ದಾನಿಗಳು ಸಿಕ್ಕರೆ ಸರಿ.

ಗದಗ_ಕಟ್ಟಿ
ತತ್ತಿ ಬಂದಮೇಲೆ ಶೇಕಡಾ 71 ತೂಕ ಹೆಚ್ಚಾಯಿತು ಅಂತ ವಾಟ್ಸಾಪಿನಲ್ಲಿ ಓಡಾಡುತ್ತಲ್ಲ, ಅದು ನಮ್ಮ ಗದಗಿನ ವಿಶ್ವವಿದ್ಯಾಲಯದ್ದೇ ಏನು?

ಬಿಳಿಜೋಳ_ಧಾರವಾಡ
ಹೌದು, ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ್ದು. ಆದರೆ ವಾಟ್ಸಾಪಿನಲ್ಲಿ ಅದರ ತಲೆ-ಬಾಲ ಕತ್ತರಿಸಿದ್ದಾರೆ. 2021ರ ಡಿಸೆಂಬರಿನಿಂದ ತತ್ತಿ ಸಿಗುತ್ತಿದ್ದ ಯಾದಗಿರಿಯ ಮಕ್ಕಳನ್ನು, ಆಗ ಸಿಗದಿದ್ದ ಗದಗಿನ ಮಕ್ಕಳೊಂದಿಗೆ ಹೋಲಿಸಿದರು. ಎಂಟನೇತ್ತಾ ಹುಡುಗಿಯರ ತೂಕದ 'ಏರಿಕೆ' ಯಾದಗಿರಿಯಲ್ಲಿ ಶೇ 71ರವರೆಗೆ ಹೆಚ್ಚಿತ್ತು. ತೂಕವೇ ಅಷ್ಟು ಹೆಚ್ಚಾಯಿತು ಅಂತಲ್ಲ. ಮೈನೆರೆಯುವ ವಯಸ್ಸಿನ ಆ ಅಂಕಿಯನ್ನು ಎರಡನೇತ್ತಾ ಮಕ್ಕಳಿಗೆ ಹಚ್ಚಲೂ ಬರುವುದಿಲ್ಲ.

ತತ್ತಿಯ ಗುಣ ಬೇರೆ ಲೆಕ್ಕದಲ್ಲೇ ಸಾಬೀತು: ಒಂದರಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಜೊತೆಗೆ ಅನ್ನ-ಬೇಳೆಯಲ್ಲಿ ಸಹಜವಾಗಿ ಇಲ್ಲದ ಬಿ12. ತಿನ್ನದ ಮಕ್ಕಳಿಗೆ ಕೊಡುವ ಬಾಳೆಹಣ್ಣಿನಲ್ಲಿ ಪ್ರೋಟೀನ್ ಒಂದು ಗ್ರಾಂ ಮಾತ್ರ. ಅವರ ಮನೆಯವರಿಗೆ ಹಾಲು ತಪ್ಪಿಸಬೇಡಿ, ಒಂದು ಮುಷ್ಟಿ ಹುರಿದ ಶೇಂಗಾ ಕೊಟ್ಟು ಕಳಿಸಿ ಎನ್ನಿ.

ನವಲಗುಂದ_ಕರಿಭೂಮಿ
ಬಾಳೆಹಣ್ಣು ತಿನ್ನೋ ಹುಡುಗ್ರು ಎಲ್ಲಾ ಸೊರಗಿ ಹೋಗಿಲ್ಲಲ್ರಿ ಮತ್ತ.

ಬಿಳಿಜೋಳ_ಧಾರವಾಡ
ಇಲ್ಲ, ಮನೆಯಲ್ಲಿ ಹೈನು ಇದ್ದವರು ಸೊರಗುವುದಿಲ್ಲ. ಹೈನೂ ಇಲ್ಲ, ತತ್ತಿಯೂ ಇಲ್ಲ ಅನ್ನುವ ಮನೆ ಯಾವುದು ಅಂತ ನೋಡಬೇಕು, ಅಷ್ಟೇ.

ಸೌಟು_ರೋಣ
ತತ್ತಿ ಬೇಯಿಸೋರಿಗೆ ಎರಡು ಮಾತು. ನೀರಾಗ ಹಾಕಿ ತೇಲಿದ್ದು, ಬಿರಿದದ್ದು ತಗದು ಒಗೀರಿ. ತಣ್ಣೀರಾಗ ಇಟ್ಟು ಕುದಿ ಬಂದ ಮ್ಯಾಲೆ ಹತ್ತರಿಂದ ಹನ್ನೆರಡು ನಿಮಿಷ, ಆಮ್ಯಾಲೆ ಲಗೂನ ತಣ್ಣೀರಿಗೆ ಹಾಕಿದ್ರ ಸಿಪ್ಪಿ ಬಿಡತೈತಿ. ಒಳಗಿನ ಹಳದಿ ಭಂಡಾರದ ಸುತ್ತ ಹಸರು ಗೆರಿ ಬಿದ್ರ ಬಹಳ ಬೆಂದೈತಿ ಅಂತ ಅರ್ಥ, ಕೆಟ್ಟೈತಿ ಅಂತಲ್ಲ. ತತ್ತಿ ಮೊದಲ ಕೊಡ್ರಿ, ಅನ್ನ ಆಮ್ಯಾಲೆ. ಆರು ವರ್ಷದ ಹುಡುಗನ ಹೊಟ್ಟಿಗೆ 100 ಗ್ರಾಂ ಅಕ್ಕಿಯ ಅನ್ನ, ಅಂದ್ರ ಕಾಲು ಕೆಜಿಗೂ ಮಿಕ್ಕಿದ್ದು, ಒಮ್ಮೆಲೇ ಹಿಡಿಯೂದಿಲ್ಲ. ಅನ್ನದಿಂದ ಹೊಟ್ಟಿ ತುಂಬಿದ್ರ ತತ್ತಿ ನಾಯಿಗೆ.

ಹಾಲಿಂದು ಹಂಗ. ಒಬ್ಬರಿಗೆ 18 ಗ್ರಾಂ ಪುಡಿ, 150 ಮಿಲಿ. ಎಂಬತ್ತಕ್ಕ 1 ಕೆಜಿ 440 ಗ್ರಾಂ. ಕುದಿಯೋ ನೀರಿಗೆ ಪುಡಿ ಸುರುವಿದ್ರ ಗಂಟು ಕಟ್ಟತೈತಿ, ಗಂಟಿನೊಳಗಿನ ಹಾಲು ಪಾತ್ರೆ ತಳಕ್ಕ. ಕುದಿಸಿ ಆರಿಸಿದ ಉಗುರುಬೆಚ್ಚನ ನೀರಾಗ ಮೊದಲ ಪೇಸ್ಟ್ ಮಾಡಿ ಆಮ್ಯಾಲೆ ಬೆರೆಸ್ರಿ. ಬ್ಯಾಡಗಿ ಮೆಣಸಿನಕಾಯಿ ಸುಗ್ಗಿಯಾಗ ಅವ್ವ-ಅಪ್ಪ ನಸುಕಿನಾಗ ಹೊಲಕ್ಕ ಹೋಗ್ತಾರ, ಹುಡುಗ ಏನೂ ತಿನ್ನದ ಶಾಲಿಗೆ ಬರತೈತಿ. ಆ ದಿನಗಳೊಳಗ ಬೆಳಗಿನ ಹಾಲು, ರಾಗಿ ಮಾಲ್ಟ್ ತಡಾ ಆಗಬಾರದು.

ಲೆಕ್ಕದ_ಮಾಸ್ತರ
ಈಗ ಕಲಘಟಗಿಯವರ ಮೂಲ ಪ್ರಶ್ನೆ, ಅಳೆಯೋದು ಹೆಂಗ.

ತೂಕಕ್ಕ 100 ಗ್ರಾಂ ತೋರಿಸೋ ಡಿಜಿಟಲ್ ಯಂತ್ರ, ಪ್ರತಿ ಸಲ ಅದೇ ಯಂತ್ರ, ಗಟ್ಟಿ ನೆಲ, ಊಟಕ್ಕಿಂತ ಮೊದಲ, ಚಪ್ಪಲಿ-ಪಾಟಿಚೀಲ ಇಲ್ಲದೆ. ಎತ್ತರಕ್ಕ ಗ್ವಾಡಿಗೆ ಟೇಪು ಅಂಟಿಸಿ. ಹಿಮ್ಮಡಿ, ಕುಂಡಿ, ಬೆನ್ನು ಗ್ವಾಡಿಗೆ ತಾಗಬೇಕು, ಕಣ್ಣು ನೇರ, ತಲೆ ಮ್ಯಾಲೆ ಚಪ್ಪಟೆ ಹಲಗೆ. ಹುಡುಗಿಯರ ಜಡೆ-ಕ್ಲಿಪ್ಪು ತಗೀರಿ. ಈ ವಯಸ್ಸಿನಾಗ ವರ್ಷಕ್ಕ ಎತ್ತರ ಏರೂದು 5-6 ಸೆಂ.ಮೀ., ತೂಕ 2-3 ಕೆಜಿ. ಅಳೆಯುವಾಗಿನ ತಪ್ಪೇ ಅರ್ಧ ಸೆಂ.ಮೀ. ಇರೋದರಿಂದ ತಿಂಗಳಿಗೊಮ್ಮೆ ಎತ್ತರ ಅಳೆದ್ರ ಏನೂ ತಿಳಿಯೂದಿಲ್ಲ. ಎತ್ತರ ವರ್ಷಕ್ಕ ಎರಡು ಸಲ, ತೂಕ ನಾಲ್ಕು ಸಲ ಸಾಕು.

ತೂಕದ ನಾಲ್ಕರೊಳಗ ಎರಡು ಹಿಂಗಿರಲಿ: ಬೇಸಿಗೆ ರಜೆಗೆ ಬಿಡೋ ವಾರ, ಶಾಲೆ ತೆರೆದ ವಾರ. ರಜೆಯೊಳಗ ತೂಕ ನಿಂತ ಅಥವಾ ಇಳಿದ ಮಕ್ಕಳ ಹೆಸರು ಬೇರೆ ಬರೆದುಕೊಳ್ರಿ. ಬಿಸಿಲು, ಜ್ವರ, ಗುಳೆ ಹೋದದ್ದು ಇವೂ ಕಾರಣ ಇರಬಹುದು, ಪೂರಾ ಊಟದ ಲೆಕ್ಕಕ್ಕ ಬರೆಯಬ್ಯಾಡ್ರಿ. ಆದ್ರ ಶಾಲೆ ಊಟದ ಮ್ಯಾಲೆ ಹೆಚ್ಚು ನಿಂತ ಮಕ್ಕಳನ್ನ ಗುರುತಿಸಾಕ ಇದಕ್ಕಿಂತ ಸರಳ ದಾರಿ ಇಲ್ಲ. ವಯಸ್ಸಿಗೆ ತಕ್ಕ ಬಿಎಂಐ (ಎತ್ತರಕ್ಕ ತಕ್ಕ ತೂಕದ ಅಳತೆ) ಪಟ್ಟಿಯೊಳಗ ತೀರಾ ಕೆಳಗಿನವರನ್ನ ಮಕ್ಕಳ ಆರೋಗ್ಯ ತಪಾಸಣೆಯ ಆರ್‌ಬಿಎಸ್‌ಕೆ ತಂಡ ಬಂದಾಗ ತೋರಿಸ್ರಿ.

ಹಾಜರಿ ಎರಡು ಹೊತ್ತು ತಗೋರಿ, ಮೊದಲನೇ ಅವಧಿ, ಊಟದ ನಂತರದ ಅವಧಿ. ಒಂದೇ ಹೊತ್ತಿನ ಹಾಜರಿಯಿಂದ ಪರಿಣಾಮ ಗೊತ್ತಾಗೂದಿಲ್ಲ.

ಎಸ್‌ಡಿಎಂಸಿ_ಕಲಘಟಗಿ
ಗದ್ದಲದ್ದು?

ಲೆಕ್ಕದ_ಮಾಸ್ತರ
ಗದ್ದಲ ಆಗೂದು ಊಟದಿಂದಲ್ಲ, ನಳದಿಂದ. ಒಂದು ಮಗು ಸಾಬೂನು ಹಚ್ಚಿ ಕೈ ತೊಳೆಯಾಕ ಅರ್ಧ ನಿಮಿಷ. 80 ಮಕ್ಕಳು, ಒಂದೇ ನಳ, 40 ನಿಮಿಷ ಅಲ್ಲೇ ಹೋತು. ಹತ್ತು ಫೂಟಿನ ಪಿವಿಸಿ ಪೈಪಿಗೆ ಎಂಟು ತೋಟಿ, ನೆಲದಿಂದ ಎರಡು ಫೂಟು ಎತ್ತರ ಹಚ್ಚಿದ್ರ ಐದು ನಿಮಿಷಕ್ಕ ಮುಗೀತೈತಿ. ಸಣ್ಣವರು ಮೊದಲ. ಹಾಜರಿ ನಂಬರಿನ ಪ್ರಕಾರ ಸಾಲು ಕೂಡಿಸ್ರಿ, ಗೆಳೆಯರ ಗುಂಪು, ಜಾತಿ ಗುಂಪು ಎರಡೂ ತಾನೇ ಒಡೀತಾವ; ಮಾಸ್ತರೂ ಅದೇ ಪಂಕ್ತಿಯೊಳಗ ಕೂಡಬೇಕು. ಊಟದ ನಂತರದ ಮೊದಲ ಅವಧಿಗೆ ಹಾಡು, ಮಗ್ಗಿ, ಕೈಕೆಲಸ ಇಡ್ರಿ. ಅನ್ನ ಉಂಡ ಮ್ಯಾಲೆ ತೂಕಡಿಕೆ ಸಹಜ, ಅದಕ್ಕ ವೇಳಾಪಟ್ಟಿ ಬದಲಿಸಬೇಕು.

ಗದಗ_ಕಟ್ಟಿ
ಇಷ್ಟೆಲ್ಲ ತಲೆನೋವು ಯಾಕೆ, ಹುಬ್ಬಳ್ಳಿ ಹತ್ತಿರದ ರಾಯಾಪುರದ ಅಕ್ಷಯಪಾತ್ರದ ಹಾಗೆ ದೊಡ್ಡ ಅಡುಗೆಮನೆಯಿಂದ ತರಿಸಿದರೆ ಆಗದೇ?

ಸೌಟು_ರೋಣ
ಹುಬ್ಬಳ್ಳಿ-ಧಾರವಾಡ ಊರೊಳಗಿನ ಶಾಲಿಗೆ ಅದು ಸರಿ. ಲಕ್ಷ ತಾಟಿನ ಲೆಕ್ಕದಾಗ ಬ್ಯಾಳಿ ತೂಕ ತಪ್ಪೂದಿಲ್ಲ, ಹಬೆಯಾಗ ಬೇಯತೈತಿ, ಹೊಗಿ ಇಲ್ಲ. ದೂರದ ಹಳ್ಳಿಗೆ ತೊಡಕು. ಅನ್ನ 60 ಡಿಗ್ರಿ ಕೆಳಗ ಇಳಿದು ತಾಸುಗಟ್ಟಲೆ ಕುಂತ್ರ ಅದರಾಗ ಉಳಿದ ಬ್ಯಾಸಿಲಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಾಣು ಮೊಳೆತು ವಿಷ ಮಾಡತೈತಿ, ಮತ್ತ ಕಾಸಿದ್ರೂ ಆ ವಿಷ ಹೋಗೂದಿಲ್ಲ. ಶಾಲ್ಯಾಗ ಮಾಡೂದ್ರಾಗೂ ಇದ ನಿಯಮ. ಬೆಳಿಗ್ಗೆ ಒಂಬತ್ತಕ್ಕ ಅಡುಗಿ ಮುಗಿಸಿ ಮುಚ್ಚಿಡೂದು ಶಿಸ್ತಲ್ಲ, ಅಪಾಯ. ಉಣ್ಣೋ ಹೊತ್ತಿಗೆ ಮುಕ್ಕಾಲು ತಾಸು ಮೊದಲ ಒಲಿ ಆರಬೇಕು, ಅರ್ಧ ತಾಸು ಮೊದಲ ಮಾಸ್ತರು ಉಂಡು ನೋಡಿ ರಜಿಸ್ಟರಿಗೆ ಸಹಿ ಹಾಕಬೇಕು. ಉಣ್ಣದ ಸಹಿ ಹಾಕೋ ರೂಢಿ ಎಷ್ಟು ಕಡೆ ಐತಿ ಅಂತ ಎಲ್ಲರಿಗೂ ಗೊತ್ತೈತಿ.

ಎಸ್‌ಡಿಎಂಸಿ_ಕಲಘಟಗಿ
ಬ್ಯಾಳಿ ತೂಕದಿಂದಲೇ ಶುರು ಮಾಡ್ತೀವ್ರಿ. ಕೊನೇದೊಂದು, ಕಾಯಿಪಲ್ಯೆ 4 ಕೆಜಿ ಅಂದ್ರಲ್ಲ, ಉಳ್ಳಾಗಡ್ಡಿ-ಟೊಮೆಟೊ ಅದರಾಗ ಹಿಡಿಯೂದೋ?

ಸೌಟು_ರೋಣ
ಅದರಾಗ ಹಿಡಿದ್ರ ನಾಲ್ಕು ಕೆಜಿ ಅವೆರಡರಿಂದಲೇ ತುಂಬಿ ಹೋಗತೈತಿ. ಕುಂಬಳಕಾಯಿ, ಗಜ್ಜರಿ, ಬೀನ್ಸ್ ಎರಡೂವರಿ ಕೆಜಿ, ಸೊಪ್ಪು ಒಂದೂವರಿ ಅಂತ ಇಡ್ರಿ. ನುಗ್ಗಿಸೊಪ್ಪು ಸಿಕ್ಕ ದಿನ ಅರ್ಧ ಕೆಜಿ ಸಾಕು, ಒಲಿ ಆರಿಸೋ ಐದು ನಿಮಿಷ ಮೊದಲ ಹಾಕ್ರಿ, ಹೆಚ್ಚಾದ್ರ ಕಹಿ ಅಂತ ಹುಡುಗ್ರು ಬಿಡ್ತಾರ. ಶಾಲಿ ಕಂಪೌಂಡಿನಾಗ ಎರಡು ನುಗ್ಗಿ ಗಿಡ ಹಚ್ಚಿದ್ರ ಸೊಪ್ಪಿನ ರೊಕ್ಕ ಉಳೀತೈತಿ, ಕೈ ತೊಳೆಯೋ ನೀರು ಅತ್ತ ಹರಿಬಿಡ್ರಿ.